ಆಂಬುಲೆನ್ಸ್ ಒಳಗೆ ಬರಲಾಗದ ಹೊತ್ತು

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಬಿಡುವಾದಾಗಲೆಲ್ಲ ಪೊಲೀಸ್ ಸಿಬ್ಬಂದಿ, ಬಸ್ ನಿರ್ವಾಹಕರು, ಮಾಲ್ ಕಾವಲುಗಾರರು, ಕಾಲೇಜು ಮಕ್ಕಳಿಗೆ ರಕ್ತ ನಿಲ್ಲಿಸುವುದನ್ನು ಕಲಿಸಲು ಹೋಗುತ್ತೇನೆ. ಗುಂಡಿನ ದಾಳಿ, ಬಾಂಬ್ ಸ್ಫೋಟ, ಮಚ್ಚಿನ ಹಲ್ಲೆ, ಗಲಭೆ ಇಂಥ ಕಡೆ ಅಪಾಯ ಇನ್ನೂ ಕಣ್ಣೆದುರಿಗೇ ಇರುವಾಗ ಗಾಯಾಳುವನ್ನು ಉಳಿಸಿಕೊಳ್ಳುವ ವಿದ್ಯೆ ಅದು. ಕಲಿಸುತ್ತ ಕಲಿಸುತ್ತ ಗಟ್ಟಿಯಾದ ಕೆಲವು ಪಾಠಗಳು ಇಲ್ಲಿವೆ.

1. ಆ ನಿಮಿಷಗಳು ಒಳಗಿದ್ದವರ ಪಾಲಿನವು

ತರಬೇತಿಗೆ ಬಂದವರು ಮೊದಲು ಕೇಳುವ ಪ್ರಶ್ನೆ, ‘108ಕ್ಕೆ ಫೋನ್ ಮಾಡಿದರೆ ಸಾಲದೇ ಸಾರ್?’ ಮಾಡಲೇಬೇಕು. ಆದರೆ ಗುಂಡು ಹಾರುತ್ತಿರುವ ಜಾಗಕ್ಕೆ ಆಂಬುಲೆನ್ಸ್ ನುಗ್ಗುವುದಿಲ್ಲ, ನುಗ್ಗಬಾರದು. ಪೊಲೀಸರು ‘ಬನ್ನಿ’ ಎನ್ನುವವರೆಗೆ ಅದು ದೂರದಲ್ಲೇ ನಿಲ್ಲುತ್ತದೆ. ಅಷ್ಟರೊಳಗೆ ಆಗುವುದೆಲ್ಲ ಒಳಗೆ ಸಿಕ್ಕಿಕೊಂಡವರ ಕೈಯಿಂದಲೇ ಆಗಬೇಕು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಅಮೆರಿಕದ ಕೊಲರಾಡೊ ರಾಜ್ಯದ ಕೊಲಂಬೈನ್ ಶಾಲೆ. 1999ರ ಏಪ್ರಿಲ್ 20ರಂದು ಅಲ್ಲಿ ಗುಂಡೇಟು ತಿಂದ ಶಿಕ್ಷಕ ಡೇವ್ ಸ್ಯಾಂಡರ್ಸ್ ಅವರನ್ನು ವಿದ್ಯಾರ್ಥಿಗಳು ವಿಜ್ಞಾನದ ಕೊಠಡಿಯಲ್ಲಿ ಮಲಗಿಸಿ, ತಮ್ಮ ಅಂಗಿಗಳನ್ನೇ ಗಾಯಕ್ಕೆ ಒತ್ತಿ ಹಿಡಿದರು. ರಕ್ತ ಹೋಗಿ ಸಾಯುತ್ತಿದ್ದಾರೆ ಎಂದು ಬರೆದು ಕಿಟಕಿಗೆ ಹಚ್ಚಿದರು. ಪೊಲೀಸರ ವಿಶೇಷ ದಳ ಆ ಕೊಠಡಿ ತಲುಪಲು ಗಂಟೆಗಟ್ಟಲೆ ಹಿಡಿಯಿತು. ಅವರು ಉಳಿಯಲಿಲ್ಲ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡ ನಡೆದ ಮೇಲೆ ಶಸ್ತ್ರಚಿಕಿತ್ಸಕ ಲೆನ್‌ವರ್ತ್ ಜೇಕಬ್ಸ್ ಅವರು ವೈದ್ಯರು, ಪೊಲೀಸರು, ಸೈನ್ಯದವರನ್ನು ಹಾರ್ಟ್‌ಫರ್ಡ್ ನಗರದಲ್ಲಿ ಒಂದೆಡೆ ಕೂರಿಸಿದರು. ರಕ್ತ ನಿಲ್ಲಿಸುವ ಕೆಲಸ ವೈದ್ಯರಿಗಾಗಿ ಕಾಯಬಾರದು, ಮೊದಲು ತಲುಪುವ ಪೊಲೀಸನೂ ಪಕ್ಕದಲ್ಲಿರುವ ನಾಗರಿಕನೂ ಅದನ್ನು ಮಾಡಬೇಕು ಎಂಬ ಒಮ್ಮತ ಅಲ್ಲಿಂದ ಹುಟ್ಟಿತು. ಆ ಸಭೆ ನಡೆದದ್ದು 2013ರ ಏಪ್ರಿಲ್ ಆರಂಭದಲ್ಲಿ. ಅದೇ ತಿಂಗಳ 15ಕ್ಕೆ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. 17ಕ್ಕೆ ನಮ್ಮ ಮಲ್ಲೇಶ್ವರದಲ್ಲಿ, ಪಕ್ಷವೊಂದರ ಕಚೇರಿಯ ಹತ್ತಿರ ನಿಲ್ಲಿಸಿದ್ದ ಬೈಕು ಸ್ಫೋಟಿಸಿತು. ಗಾಯಗೊಂಡವರಲ್ಲಿ ಅಲ್ಲೇ ಕಾವಲಿಗಿದ್ದ ಪೊಲೀಸರೂ ಇದ್ದರು.

2. ಗಾಯ ನೋಡುವ ಮೊದಲು ಜಾಗ ನೋಡಿ

ಬಿದ್ದವರನ್ನು ಕಂಡರೆ ಓಡಿ ಹೋಗಿ ಪಕ್ಕದಲ್ಲಿ ಕೂರುವುದು ಸಹಜ. ಒಳ್ಳೆಯ ಮನಸ್ಸಿನವರೇ ಹಾಗೆ ಮಾಡಿ ಎರಡನೆಯ ಗಾಯಾಳು ಆಗುತ್ತಾರೆ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟ ನಡೆಸಿದವರು ಇದನ್ನೇ ಲೆಕ್ಕ ಹಾಕಿದ್ದರು. ಮೊದಲ ಸ್ಫೋಟಗಳ ಗಾಯಾಳುಗಳನ್ನು ಹೊತ್ತು ಜನ ಸಿವಿಲ್ ಆಸ್ಪತ್ರೆ ಸೇರುವ ಹೊತ್ತಿಗೆ ಆಸ್ಪತ್ರೆಯ ಆವರಣದಲ್ಲೇ ಬಾಂಬ್ ಸಿಡಿಯಿತು. ಸಹಾಯಕ್ಕೆ ಬಂದವರೇ ಸತ್ತರು. 

ಅದಕ್ಕೆ ನಾವು ಘಟನಾ ಸ್ಥಳವನ್ನು ಮೂರಾಗಿ ನೋಡಲು ಕಲಿಸುತ್ತೇವೆ. ಗುಂಡು, ಬೆಂಕಿ, ಮಚ್ಚು ನಿಮ್ಮನ್ನು ಈಗಲೇ ಮುಟ್ಟಬಹುದಾದ ಜಾಗ ಮೊದಲನೆಯದು. ಗೋಡೆಯ ಮರೆಯೋ ಬಾಗಿಲು ಭದ್ರಪಡಿಸಿದ ಕೋಣೆಯೋ ಎರಡನೆಯದು, ಅಲ್ಲಿ ಅಪಾಯ ಇದೆ, ಆದರೆ ಮೈಮೇಲಿಲ್ಲ. ಗಾಯಾಳುವನ್ನು ವಾಹನಕ್ಕೆ ಒಪ್ಪಿಸುವ ಜಾಗ ಮೂರನೆಯದು. ಮೊದಲನೆಯದರಲ್ಲಿ ಚಿಕಿತ್ಸೆ ಎಂಬುದೇ ಇಲ್ಲ ಎಂದರೂ ಸರಿ. ಪ್ರಜ್ಞೆ ಇದ್ದವನಿಗೆ ‘ತೆವಳಿಕೊಂಡು ಬಾ’ ಎಂದು ಕೂಗಿ. ಆಗದವನನ್ನು ಕಂಕುಳಿಗೆ ಕೈ ಹಾಕಿ, ಇಲ್ಲವೇ ಅಂಗಿಯ ಕೊರಳು ಹಿಡಿದು ಮರೆಗೆ ಎಳೆಯಿರಿ. ಬೆನ್ನುಮೂಳೆಗೆ ಪೆಟ್ಟಾದೀತೆಂಬ ಚಿಂತೆ ಅಲ್ಲಿ ಬೇಡ.

ಮುಂಬೈ ದಾಳಿಯ ರಾತ್ರಿ ಕಾಮಾ ಆಸ್ಪತ್ರೆಯ ನರ್ಸ್ ಅಂಜಲಿ ಕುಲ್ಥೆ ತಮ್ಮ ವಾರ್ಡಿನ ಇಪ್ಪತ್ತು ಗರ್ಭಿಣಿಯರನ್ನು ಚಿಕ್ಕ ಕೋಣೆಯೊಂದಕ್ಕೆ ಸೇರಿಸಿ ದೀಪ ಆರಿಸಿದರು. ಎಲ್ಲರೂ ಉಳಿದರು. ಆ ಹೊತ್ತಿನ ಅತ್ಯುತ್ತಮ ಚಿಕಿತ್ಸೆ ಅದು ಎಂದು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

3. ಉಸಿರಿಗಿಂತ ಮೊದಲು ರಕ್ತ

ಪ್ರಥಮ ಚಿಕಿತ್ಸೆಯ ಹಳೆಯ ಪಾಠದಲ್ಲಿ ಶ್ವಾಸನಾಳ ಮೊದಲು ಬರುತ್ತದೆ. ಗುಂಡು ಮತ್ತು ಬಾಂಬಿನ ಗಾಯಗಳಲ್ಲಿ ಈ ಕ್ರಮ ತಿರುವುಮುರುವು. ದೊಡ್ಡವರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. 2001ರಿಂದ 2011ರವರೆಗೆ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ತಜ್ಞರು ಒಂದೊಂದಾಗಿ ಪರಿಶೀಲಿಸಿದರು. ಶೇ 87ರಷ್ಟು ಮಂದಿ ಆಸ್ಪತ್ರೆ ತಲುಪುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಬದುಕುವ ಸಾಧ್ಯತೆ ಇತ್ತು. ಆ ಕಾಲುಭಾಗದಲ್ಲಿ ಶೇ 90ರಷ್ಟು ಸಾವು ರಕ್ತಸ್ರಾವದಿಂದ ಆದದ್ದು.

ಅದೇ ಯುದ್ಧಗಳಲ್ಲಿ ರೇಂಜರ್ ರೆಜಿಮೆಂಟ್ ಎಂಬ ತುಕಡಿಯೂ ಇತ್ತು. ವೈದ್ಯಕೀಯ ಸಿಬ್ಬಂದಿಗಷ್ಟೇ ಅಲ್ಲದೆ ಪ್ರತಿಯೊಬ್ಬ ಯೋಧನಿಗೂ ಅವರು ಮೊದಲೇ ಈ ವಿದ್ಯೆ ಕಲಿಸಿಟ್ಟಿದ್ದರು. ಅವರಲ್ಲಿ ತಡೆಯಬಹುದಾಗಿದ್ದ ಸಾವು ಶೇ 3ರಷ್ಟು ಮಾತ್ರ. ಎಲ್ಲರಿಗೂ ಕಲಿಸಬೇಕು ಎಂದು ನಾನು ಹಟ ಹಿಡಿಯುವುದು ಈ ಅಂಕಿಯ ಬಲದ ಮೇಲೆ.

4. ಟೂರ್ನಿಕೆಟ್ ನೋಯಿಸಬೇಕು

ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ, ನೆಲದಲ್ಲಿ ಮಡುಗಟ್ಟುತ್ತಿದ್ದರೆ ಟೂರ್ನಿಕೆಟ್ ಬೇಕು. ಇದು ಕಡ್ಡಿ ತಿರುವಿ ಬಿಗಿಮಾಡುವ ಅಗಲದ ಪಟ್ಟಿ. ಗಾಯ ಕಾಣುತ್ತಿದ್ದರೆ ಅದರಿಂದ ಎರಡು ಮೂರು ಇಂಚು ಮೇಲೆ, ಮೊಣಕೈ ಮೊಣಕಾಲಿನ ಕೀಲು ತಪ್ಪಿಸಿ ಕಟ್ಟಿ. ಕಾಣದಿದ್ದರೆ, ಕತ್ತಲಿದ್ದರೆ, ಗುಂಡು ಹಾರುತ್ತಿದ್ದರೆ ಬಟ್ಟೆಯ ಮೇಲೇ, ತೊಡೆಯ ಅಥವಾ ತೋಳಿನ ತುತ್ತತುದಿಯಲ್ಲಿ ಕಟ್ಟಿ. ರಕ್ತ ನಿಲ್ಲುವವರೆಗೆ ಕಡ್ಡಿ ತಿರುವಿ, ಸಿಕ್ಕಿಸಿ, ಗಂಟೆ ಎಷ್ಟೆಂದು ಬರೆಯಿರಿ.

ಎಲ್ಲರೂ ಸೋಲುವುದು ಕಡ್ಡಿ ತಿರುವುವಾಗ. ಸರಿಯಾಗಿ ಕಟ್ಟಿದರೆ ಗಾಯಾಳು ಕಿರುಚುತ್ತಾನೆ, ಕಟ್ಟುವವನ ಕೈ ಸಡಿಲವಾಗುತ್ತದೆ. ಅರ್ಧ ಬಿಗಿದದ್ದು ಕಟ್ಟದೇ ಇದ್ದುದಕ್ಕಿಂತ ಕೆಟ್ಟದ್ದು. ಕಾಲಿನೊಳಗೆ ರಕ್ತ ಹೋಗುತ್ತಲೇ ಇರುತ್ತದೆ, ಹಿಂದಿರುಗುವ ದಾರಿ ಮಾತ್ರ ಮುಚ್ಚಿರುತ್ತದೆ, ಆಗ ಗಾಯದಿಂದ ಇನ್ನೂ ಹೆಚ್ಚು ಸೋರುತ್ತದೆ. ಅದಕ್ಕೇ ತರಬೇತಿಯಲ್ಲಿ ಪ್ರತಿಯೊಬ್ಬರೂ ಒಮ್ಮೆ ತಮ್ಮ ಕಾಲಿಗೆ ತಾವೇ ಕಟ್ಟಿಕೊಂಡು, ಪಾದದ ನಾಡಿ ನಿಲ್ಲುವವರೆಗೆ ತಿರುವಿ, ಆ ನೋವು ಏನೆಂದು ತಿಳಿದುಕೊಳ್ಳಬೇಕೆಂದು ಒತ್ತಾಯಿಸುತ್ತೇನೆ. ಆ ಮೇಲೆ ಇನ್ನೊಬ್ಬರ ಕೂಗಿಗೆ ಅವರ ಕೈ ಹೆದರುವುದಿಲ್ಲ.

‘ಕಾಲು ಕತ್ತರಿಸಬೇಕಾಗುತ್ತದಂತಲ್ಲ?’ ಎಂಬ ಭಯ ನಮ್ಮ ಕೆಲವು ಹಿರಿಯ ವೈದ್ಯರಲ್ಲೂ ಉಳಿದಿದೆ. ಎರಡು ಗಂಟೆಯೊಳಗೆ ಶಸ್ತ್ರಚಿಕಿತ್ಸಕರ ಕೈಗೆ ಸಿಕ್ಕರೆ ಸಾಮಾನ್ಯವಾಗಿ ಕಾಲಿಗೆ ತೊಂದರೆ ಇಲ್ಲ. ತಡಮಾಡಿದರೆ ಹೋಗುವುದು ಪ್ರಾಣ. ಬಾಗ್ದಾದ್‌ನ ಸೇನಾ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದಲ್ಲಿ, ರಕ್ತ ಕಳೆದುಕೊಂಡು ಆಘಾತ ಸ್ಥಿತಿಗೆ (ಶಾಕ್) ಜಾರುವ ಮೊದಲೇ ಟೂರ್ನಿಕೆಟ್ ಕಟ್ಟಿಸಿಕೊಂಡವರಲ್ಲಿ ಶೇ 90ರಷ್ಟು ಮಂದಿ ಬದುಕಿದರು, ಜಾರಿದ ಮೇಲೆ ಕಟ್ಟಿಸಿಕೊಂಡವರಲ್ಲಿ ಶೇ 10.

ಪಟ್ಟಿ ಇಲ್ಲದಿದ್ದರೆ ದುಪಟ್ಟಾವನ್ನೋ ಟವೆಲನ್ನೋ ಎರಡಿಂಚು ಅಗಲಕ್ಕೆ ಮಡಚಿ ಕಟ್ಟಿ, ಗಂಟಿನೊಳಗೆ ಗಟ್ಟಿ ಕಡ್ಡಿ ಇಟ್ಟು ತಿರುವಬಹುದು. ಕಡ್ಡಿ ಇಲ್ಲದ ಬರಿಯ ಗಂಟು ಸಾಲದು. ಚರ್ಮದ ಬೆಲ್ಟ್ ತಿರುಚಲು ಬಾರದು, ಹಗ್ಗ, ವೈರು ಮಾಂಸ ಕುಯ್ಯುತ್ತವೆ.

5. ಕಟ್ಟಲಾಗದ ಕಡೆ ತುಂಬಿ

ತೊಡೆಸಂದಿ, ಕಂಕುಳು, ಕತ್ತಿನ ಬುಡದಲ್ಲಿ ಪಟ್ಟಿ ಕಟ್ಟಲಾಗದು. ಅಲ್ಲಿ ಬಟ್ಟೆಯನ್ನು ಬೆರಳಿನಿಂದ ಗಾಯದ ಆಳಕ್ಕೆ, ರಕ್ತ ಬರುತ್ತಿರುವ ಕಡೆಗೇ ತುರುಕುತ್ತ ಹೋಗಬೇಕು, ಇನ್ನು ಹಿಡಿಯದು ಎನ್ನುವವರೆಗೆ. ಆಮೇಲೆ ಎರಡೂ ಅಂಗೈ ಇಟ್ಟು, ಮೈಭಾರ ಬಿಟ್ಟು ಒತ್ತಬೇಕು. ಔಷಧಿ ಹಚ್ಚಿದ ಗಾಜ್ ಬಟ್ಟೆಯಾದರೆ 3 ನಿಮಿಷ, ಸಾದಾ ಬಟ್ಟೆಯಾದರೆ 10 ನಿಮಿಷವಾದರೂ ಎತ್ತಿ ನೋಡದೆ ಒತ್ತಿ. ಕೊಳೆ ಬಟ್ಟೆಯಾದರೆ ಕೀವಾಗುವುದಿಲ್ಲವೇ ಎಂದು ಕೇಳುತ್ತಾರೆ. ಆಗಬಹುದು, ಅದಕ್ಕೆ ಆಂಟಿಬಯಾಟಿಕ್ ಇದೆ. ಎದೆ ಮತ್ತು ಹೊಟ್ಟೆಯೊಳಕ್ಕೆ ಮಾತ್ರ ಹೀಗೆ ತುರುಕುವಂತಿಲ್ಲ, ಅಂಥವರು ಬೇಗ ಆಸ್ಪತ್ರೆ ಸೇರಬೇಕು.

ಕಲಿಸಲು ನಾವು ಮಾಂಸದ ತುಂಡಿನೊಳಗೆ ಕೊಳವೆ ಇಟ್ಟು ಕೆಂಪು ನೀರು ಹಾಯಿಸುತ್ತೇವೆ. ಮಾಂಸ ಮುಟ್ಟದವರಿಗೆ ತೂತು ಕೊರೆದ ದಪ್ಪ ಸ್ಪಂಜು. ನೀರು ನಿಂತ ಕ್ಷಣ ಅವರ ಬೆರಳಿಗೆ ತಿಳಿಯುತ್ತದೆ. ಆ ತಿಳಿವಳಿಕೆ ಭಾಷಣದಿಂದ ಬರುವುದಿಲ್ಲ.

ಕಾಫಿಪುಡಿ, ಅರಿಶಿನ, ಸುಣ್ಣ ಇವು ಯಾವುವೂ ಬೇಡ. ಚಿಕ್ಕ ಗಾಯದಲ್ಲಿ ರಕ್ತ ತಾನೇ ನಿಲ್ಲುತ್ತದೆ, ಕೀರ್ತಿ ಪುಡಿಗೆ ಹೋಗುತ್ತದೆ. ಚಿಮ್ಮುವ ರಕ್ತಕ್ಕೆ ಪುಡಿ ಹಾಕುವುದೆಂದರೆ ತೂಬು ಕಿತ್ತ ಕೆರೆಗೆ ಬೂದಿ ಎರಚಿದಂತೆ. ನೀರು ಕುಡಿಸುವುದೂ ಬೇಡ. ಬಾಯಾರಿದೆ ಎಂದು ಅಂಗಲಾಚುತ್ತಾರೆ, ಕೊಡದಿರುವುದು ಕಷ್ಟ, ಆದರೆ ವಾಂತಿಯಾಗಿ ಅದು ಶ್ವಾಸಕೋಶ ಸೇರಬಹುದು.

6. ಎಲ್ಲ ಸಾವೂ ರಕ್ತದ್ದಲ್ಲ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 11 ಮಂದಿ ಸತ್ತರು. ನೂಕುನುಗ್ಗಲಿನಲ್ಲಿ ಜನ ಸಾಯುವುದು ಹೆಚ್ಚಾಗಿ ಎದೆ ಹಿಗ್ಗಲು ಜಾಗವಿಲ್ಲದೆ, ಉಸಿರು ಕಟ್ಟಿ. ಅಲ್ಲಿ ಟೂರ್ನಿಕೆಟ್ ಹುಡುಕುತ್ತ ಕೂರಬಾರದು. ಬಯಲಿಗೆ ತಂದು, ಉಸಿರಾಟವಿದ್ದರೆ ಮಗ್ಗುಲಿಗೆ ಮಲಗಿಸಿ, ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಬೇಕು. ಆ ದಿನದ ನಂತರ ನಮ್ಮ ತರಗತಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಕೊಡುತ್ತಿದ್ದೇವೆ.

7. ಹಾಲ್‌ನಲ್ಲಿ ಕಲಿತದ್ದು ಹಾಲ್‌ನಲ್ಲೇ ಉಳಿಯುತ್ತದೆ

ಫ್ಯಾನು, ಟ್ಯೂಬ್‌ಲೈಟು, ಮೇಜಿನ ಮೇಲೆ ಬೊಂಬೆ ಇದ್ದಾಗ ಎಲ್ಲರೂ ಸರಿಯಾಗಿ ಕಟ್ಟುತ್ತಾರೆ. ದೀಪ ಆರಿಸಿ, ಪಟಾಕಿ ಸದ್ದಿನ ಧ್ವನಿಮುದ್ರಣ ಹಾಕಿ, ಕೈಗೆ ಸೋಪಿನ ನೀರು ಸವರಿ, ಒಂದೇ ಕೈಯಲ್ಲಿ ಕಟ್ಟಿ ಎಂದರೆ ನಿಜವಾದ ಕಲಿಕೆ ಶುರುವಾಗುತ್ತದೆ. ಪೊಲೀಸರನ್ನು ಓಡಿಸಿ, ಏದುಸಿರು ಬರುವಾಗ ಕೈಗೆ ಪಟ್ಟಿ ಕೊಡಬೇಕು. ಕಾನ್‌ಸ್ಟೆಬಲ್‌ಗಳು ಲಾಠಿ, ಹೆಲ್ಮೆಟ್ ಸಮೇತ ಬರಬೇಕು, ಸೀರೆ ಉಡುವ ಶಿಕ್ಷಕಿ ಸೀರೆಯಲ್ಲೇ ಬಿದ್ದವರನ್ನು ಎಳೆದು ನೋಡಬೇಕು.

ನಮ್ಮಲ್ಲಿ ಇನ್ನೊಂದು ತಡೆಯಿದೆ, ಹೊರಗಿನ ಪುಸ್ತಕಗಳು ಅದರ ಬಗ್ಗೆ ಹೇಳುವುದು ಕಡಿಮೆ. ಗಂಡಸರು ಹೆಂಗಸರ ತೊಡೆಸಂದಿಯ ಗಾಯ ಮುಟ್ಟಲು ಹಿಂಜರಿಯುತ್ತಾರೆ, ಸುತ್ತ ನಿಂತವರು ತಪ್ಪು ತಿಳಿದಾರೆಂದು. ಆ ಹಿಂಜರಿಕೆಗೆ ಒಂದು ಜೀವ ಹೋಗಬಹುದು. ‘ರಕ್ತ ನಿಲ್ಲಿಸುತ್ತಿದ್ದೇನೆ, ಇಲ್ಲಿ ಒತ್ತುತ್ತೇನೆ’ ಎಂದು ಗಾಯಾಳುವಿಗೂ ಸುತ್ತಲಿನವರಿಗೂ ಕೇಳುವಂತೆ ಜೋರಾಗಿ ಹೇಳುವುದನ್ನು ನಾವು ಅಭ್ಯಾಸ ಮಾಡಿಸುತ್ತೇವೆ. ಮಾತು ಹೊರಟ ಮೇಲೆ ಕೈ ತಾನಾಗಿ ಮುಂದೆ ಹೋಗುತ್ತದೆ.

8. ಕಾನೂನು ನಿಮ್ಮ ಬೆನ್ನಿಗಿದೆ

2017ರಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಸವಾರ ಹುಡುಗ ರಕ್ತದ ನಡುವೆ ಬಿದ್ದು ಸಹಾಯ ಕೇಳುತ್ತಿದ್ದಾಗ ಜನ ಮೊಬೈಲ್‌ನಲ್ಲಿ ಚಿತ್ರ ತೆಗೆದರು. ಅದನ್ನು ಕ್ರೌರ್ಯ ಎಂದು ಬರೆದವರೇ ಹೆಚ್ಚು. ನನಗೆ ಅದರಲ್ಲಿ ಹೆದರಿಕೆಯೂ ಕಾಣುತ್ತದೆ. ಏನು ಮಾಡಬೇಕೆಂದು ತಿಳಿಯದವನ ಕೈ ಫೋನಿಗೆ ಹೋಗುತ್ತದೆ, ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಭಯ ಅವನ ಕಾಲು ಹಿಡಿಯುತ್ತದೆ. ಆ ಭಯಕ್ಕೆ ಈಗ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಗೆಂದು ರೂಪಿಸಿದ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ 134ಎ ಕಲಂ ಸೇರಿಸಿತು. ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದೆ. ಗಾಯಾಳುವನ್ನು ತಂದವರು ಹೆಸರು ಹೇಳಬೇಕೆಂದಿಲ್ಲ. ಇದನ್ನು ಠಾಣೆಯ ಪ್ರತಿ ಕಾನ್‌ಸ್ಟೆಬಲ್‌ಗೂ ಹೇಳಬೇಕು, ಏಕೆಂದರೆ ಜನ ಹೆದರುವುದು ಅವರ ಪ್ರಶ್ನೆಗಳಿಗೆ.

9. ಸಿಕ್ಕ ವಾಹನದಲ್ಲಿ ಸಾಗಿಸಿ

ರಕ್ತ ನಿಂತ ಮೇಲೆ ಸ್ಟ್ರೆಚರ್‌ಗೆ ಕಾಯಬೇಡಿ. ಮುಂಬೈ ದಾಳಿಯ ರಾತ್ರಿ ಅಲ್ಲಿನ ಸಿಎಸ್‌ಟಿ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೈಗಾಡಿಗಳೇ ಗಾಯಾಳುಗಳನ್ನು ಹೊತ್ತವು. ಫಿಲಡೆಲ್ಫಿಯಾದಲ್ಲಿ ಗುಂಡೇಟು ತಿಂದವರನ್ನು ಪೊಲೀಸರು ತಮ್ಮ ಕಾರಿನಲ್ಲೇ ಒಯ್ಯುವುದು ದಶಕಗಳ ರೂಢಿ. ಸಾಗಿಸುವಾಗ ಗಾಯಾಳುವಿಗೆ ಹೊದಿಸಿ. ನಮ್ಮ ಸೆಖೆಯಲ್ಲೂ ರಕ್ತ ಕಳೆದುಕೊಂಡ ಮೈ ತಣ್ಣಗಾಗುತ್ತದೆ, ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ನೆಟ್ಟುಕೊಂಡ ಚೂರು, ಚಾಕು ಕೀಳಬೇಡಿ.

10. ಪೆಟ್ಟಿಗೆ ತೆರೆದು ನೋಡಿ

ತರಬೇತಿಗೆ ಹೋದ ಕಡೆಯೆಲ್ಲ ನಾನು ಅಲ್ಲಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆಸುತ್ತೇನೆ. ಹೆಚ್ಚಾಗಿ ಹತ್ತಿ, ಟಿಂಚರ್, ಸಣ್ಣ ಪ್ಲಾಸ್ಟರ್, ತಲೆನೋವಿನ ಮಾತ್ರೆ ಸಿಗುತ್ತವೆ. ಇರಬೇಕಾದದ್ದು ಟೂರ್ನಿಕೆಟ್, ಉದ್ದದ ಗಾಜ್ ಬಟ್ಟೆ, ಅಗಲದ ಬ್ಯಾಂಡೇಜ್, ಬಟ್ಟೆ ಕತ್ತರಿಸುವ ಕತ್ತರಿ, ಕೈಗವಸು, ಬರೆಯಲು ಮಾರ್ಕರ್, ಹೊದಿಸಲು ಬೆಳ್ಳಿಹಾಳೆಯ ಹೊದಿಕೆ. ಆನ್‌ಲೈನ್‌ನಲ್ಲಿ ತೀರ ಅಗ್ಗಕ್ಕೆ ಸಿಗುವ ಟೂರ್ನಿಕೆಟ್‌ಗಳಲ್ಲಿ ನಕಲಿ ಬಹಳ, ಬಿಗಿಯುವಾಗ ಕಡ್ಡಿ ಬಾಗುತ್ತದೆ, ಮುರಿಯುತ್ತದೆ. ತಂದದ್ದರಲ್ಲಿ ಒಂದನ್ನು ಅಭ್ಯಾಸಕ್ಕೆಂದೇ ಇಟ್ಟುಕೊಂಡು ಪೂರ್ತಿ ಬಿಗಿದು ಪರೀಕ್ಷಿಸಿ, ಉಳಿದವನ್ನು ಬಳಸದೆ ಇಡಿ. ಪೆಟ್ಟಿಗೆಯನ್ನು ಪ್ರಾಂಶುಪಾಲರ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ, ಎಲ್ಲರ ಕೈಗೆಟುಕುವ ಎತ್ತರದಲ್ಲಿ, ಬೀಗವಿಲ್ಲದೆ ನೇತುಹಾಕಿ. ಅದು ಎಲ್ಲಿದೆ ಎಂದು ರಾತ್ರಿ ಪಾಳಿಯ ಕಾವಲುಗಾರನಿಗೂ ಕಸ ಗುಡಿಸುವ ಹೆಂಗಸಿಗೂ ತೋರಿಸಿ, ಬಿಗಿಯುವುದನ್ನು ಅವರಿಗೂ ಕಲಿಸಿ.