ತೊಳೆಯುವ ಮೊದಲು ಒಂದು ಹಿಡಿ

ಅಮ್ಮ ಪಾವಿನಲ್ಲಿ ಅಕ್ಕಿ ಅಳೆದು ತಪ್ಪಲೆಗೆ ಸುರಿದ ಮೇಲೆ, ನೀರು ಹಾಕುವ ಮೊದಲು, ಅದರಿಂದ ಒಂದು ಹಿಡಿ ಎತ್ತಿ ಒಲೆ ಪಕ್ಕದ ಮಣ್ಣಿನ ಕುಡಿಕೆಗೆ ಹಾಕುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಏನು ಹೇಳುತ್ತಿದ್ದಳೋ ನಮಗೆ ಕೇಳಿಸುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಬೀದಿಯಲ್ಲಿ ಶಂಖ, ಜಾಗಟೆ ಮೊಳಗಿದರೆ ನಾವು ಮಕ್ಕಳು ಆ ಕುಡಿಕೆಗೆ ಕೈಹಾಕಿ ಬಾಗಿಲಿಗೆ ಓಡುತ್ತಿದ್ದೆವು. ದಾಸಯ್ಯ ಬಗ್ಗಿ ಭವನಾಸಿ ಹಿಡಿಯುತ್ತಿದ್ದರು. ನನ್ನ ಪುಟ್ಟ ಹಿಡಿಯ ಅಕ್ಕಿ ಅದರೊಳಗೆ ಬೀಳುವ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಈಗ ನಾನಿರುವುದು ಅಪಾರ್ಟ್‌ಮೆಂಟಿನಲ್ಲಿ. ದಾಸಯ್ಯನನ್ನಾಗಲಿ ಜೋಗಿಯನ್ನಾಗಲಿ ಗೇಟಿನಿಂದಾಚೆಗೆ ಬಿಡುವುದಿಲ್ಲ. ಜೋಳಿಗೆ ಬರುವುದು ನಿಂತಿತು, ಅದರ ಹಿಂದೆಯೇ ಹಿಡಿ ಎತ್ತುವುದೂ ನಿಂತಿತು. ಆರು ವರ್ಷದ ಹಿಂದೆ, ಅಮ್ಮ ಹೋದ ಮೇಲೆ, ನಾನು ಅದನ್ನು ಮತ್ತೆ ಶುರು ಮಾಡಿದೆ. ಕೃತಜ್ಞತೆ ಬೆಳೆಸಿಕೊಳ್ಳುವುದು ಹೇಗೆ, ಒಂಟಿತನ ಕಳೆಯುವುದು ಹೇಗೆ, ಪೂಜೆ ಪ್ರಾರ್ಥನೆ ಯಾಂತ್ರಿಕವಾಗಿದೆಯಲ್ಲ ಎಂದು ಕೇಳುವ ಗೆಳತಿಯರಿಗೆ ನಾನು ಹೇಳುವುದು ಇದೊಂದನ್ನೇ. ದಿನಕ್ಕೆ ಅರ್ಧ ನಿಮಿಷವೂ ಬೇಡ. ಹೇಗೆ ಮಾಡುವುದೆಂದು ಇಲ್ಲಿ ಬರೆದಿದ್ದೇನೆ.

ಪಾತ್ರೆ ಕಣ್ಣೆದುರಿಗಿರಲಿ

ಎರಡು ಕೆ.ಜಿ. ಹಿಡಿಯುವ, ಬಿಗಿಯಾದ ಮುಚ್ಚಳವಿರುವ ಡಬ್ಬಿ ಸಾಕು. ಸ್ಟೀಲಾದರೂ ಆಗಬಹುದು, ಗಾಜಿನದಾದರೂ ಆಗಬಹುದು. ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಮನೆಯ ಅಕ್ಕಿ ಡಬ್ಬಿಯ ಪಕ್ಕದಲ್ಲೇ, ಕೈಗೆ ಎಟಕುವ ಹಾಗೆ ಇಡಿ. ನಾನು ಮೊದಲು ದೇವರ ಕೋಣೆಯಲ್ಲಿಟ್ಟಿದ್ದೆ. ಕುಕ್ಕರ್ ಇಡುವ ಗಡಿಬಿಡಿಯಲ್ಲಿ ಅಲ್ಲಿಗೆ ಹೋಗಿಬರಲಾಗದೆ ವಾರಕ್ಕೆ ಮೂರು ದಿನ ತಪ್ಪುತ್ತಿತ್ತು. ಒಲೆ ಕಟ್ಟೆಗೆ ತಂದಿಟ್ಟ ಮೇಲೆ ತಪ್ಪಲಿಲ್ಲ.

ಮನೆಯಲ್ಲಿ ಅಕ್ಕಿಗಿಂತ ಜೋಳವೋ ರಾಗಿಯೋ ಹೆಚ್ಚು ಬಳಕೆಯಾದರೆ ಅದನ್ನೇ ಎತ್ತಿಡಿ. ಹಿಟ್ಟು ಬೇಡ, ಬೇಗ ಮುಗ್ಗಲು ಹಿಡಿಯುತ್ತದೆ, ಕಾಳೇ ಇರಲಿ.

ಎಷ್ಟು ಎತ್ತಬೇಕು?

ನಿಮ್ಮ ಕೈಯ ಒಂದು ಹಿಡಿ, ಅಷ್ಟೇ. ನನ್ನ ಹಿಡಿಯನ್ನು ತೂಗಿ ನೋಡಿದ್ದೇನೆ: ಹೆಚ್ಚುಕಡಿಮೆ 40 ಗ್ರಾಂ. ತಿಂಗಳಿಗೆ 1.2 ಕೆ.ಜಿ., ವರ್ಷಕ್ಕೆ ಹದಿನಾಲ್ಕೂವರೆ ಕೆ.ಜಿ. ಹತ್ತು ಮನೆಯವರು ಸೇರಿದರೆ ವರ್ಷಕ್ಕೆ ಒಂದೂವರೆ ಕ್ವಿಂಟಾಲಿಗೆ ಹತ್ತಿರ. ಮಿಜೋರಂನ ಪ್ರೆಸ್ಬಿಟೇರಿಯನ್ ಚರ್ಚಿನ ಹೆಂಗಸರು ಅಡುಗೆಗೆ ಅಕ್ಕಿ ತೆಗೆದಾಗಲೆಲ್ಲ ಹೀಗೆ ಒಂದು ಹಿಡಿ ಎತ್ತಿಡುತ್ತಾರೆ; ಅದನ್ನು ಬುಹ್‌ಫೈ ಥಾಮ್ ಎನ್ನುತ್ತಾರೆ. ತಲೆಮಾರುಗಳಿಂದ ನಡೆದುಬಂದ ಆ ಹಿಡಿಗಳೇ ಅವರ ಚರ್ಚಿಗೆ ದೊಡ್ಡ ಆಸರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಣ್ಣುವ ದಾಸೋಹದ ಹಿಂದೆಯೂ ಹಳ್ಳಿ ಮನೆಗಳ ದವಸವಿದೆ. ಶಿವಕುಮಾರ ಸ್ವಾಮೀಜಿ (1907–2019) ಊರೂರು ಸುತ್ತಿ ಮಠಕ್ಕೆ ತಂದದ್ದು ಅದನ್ನೇ.

ಉತ್ಸಾಹದಲ್ಲಿ ಎರಡು ಹಿಡಿ, ಮೂರು ಹಿಡಿ ಎತ್ತಬೇಡಿ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದೆ ಇರಲಾರೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ 12ನೇ ಶತಮಾನದ ದಂಪತಿ ಲಕ್ಕಮ್ಮ, ಮಾರಯ್ಯ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಬೇಯಿಸಿ ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮುಟ್ಟಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ದಾನಕ್ಕೇ ಆಗಿದ್ದರೂ ಅಳತೆ ಮೀರಿದ್ದು ಆಸೆಯೇ ಎಂದು ಅವಳಿಗೆ ಗೊತ್ತಿತ್ತು. ನಾವೂ ಮೊದಲ ವಾರ ಸೇರುಗಟ್ಟಲೆ ಎತ್ತಿಟ್ಟು ಮೂರನೇ ವಾರಕ್ಕೆ ಮರೆತುಬಿಡುವುದಕ್ಕಿಂತ, ಒಂದೇ ಹಿಡಿಯನ್ನು ವರ್ಷಪೂರ್ತಿ ಎತ್ತುವುದು ಒಳ್ಳೆಯದು.

ಒಂದು ಮಾತು ಮರೆಯಬಾರದು: ಎತ್ತಬೇಕಾದದ್ದು ನೀವು ಉಣ್ಣಲೆಂದು ಅಳೆದ ಅಕ್ಕಿಯಿಂದ. ಮೂಟೆಯಿಂದ ಬೇರೆಯಾಗಿ ತೆಗೆದು ಹಾಕಿದರೆ ಅದು ಮಿಕ್ಕದ್ದನ್ನು ಕೊಟ್ಟಂತೆ. ತಪ್ಪಲೆಯಿಂದ ಎತ್ತಿದಾಗ ನಮ್ಮ ತಟ್ಟೆಯಲ್ಲಿ ಒಂದು ತುತ್ತು ಕಡಿಮೆಯಾಗುತ್ತದೆ. ಆ ಒಂದು ತುತ್ತಿನಲ್ಲೇ ಇನ್ನೊಬ್ಬರ ನೆನಪು ಇರುವುದು.

ಆ ಗಳಿಗೆಯಲ್ಲಿ ಏನು ಹೇಳುವುದು?

ನಿಮ್ಮ ನಂಬಿಕೆಯ ಮಾತು ಯಾವುದೋ ಅದು. ಅನ್ನಪೂರ್ಣೆಯನ್ನು ನೆನೆಯುವವರು ನೆನೆಯಲಿ, ಬಿಸ್ಮಿಲ್ಲಾ ಎನ್ನುವವರು ಎನ್ನಲಿ, ಶಿಲುಬೆ ಗುರುತು ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ರಂಜಾನ್ ಉಪವಾಸ ಮುಗಿದು ಈದ್ ನಮಾಜಿಗೆ ಹೊರಡುವ ಮೊದಲೇ ಮನೆಯ ಪ್ರತಿ ತಲೆಗೂ ಇಷ್ಟೆಂದು ಧಾನ್ಯವನ್ನೋ ಅದರ ಬೆಲೆಯನ್ನೋ ಬಡವರಿಗೆ ಮುಟ್ಟಿಸುವ ಫಿತ್ರಾ, ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಮಂಗಳೂರಿನ ಕ್ರೈಸ್ತರು ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ತಂದು ಮನೆಮಂದಿಯೆಲ್ಲ ಹಂಚಿಕೊಳ್ಳುವುದು, ಕೊಡಗಿನ ಹುತ್ತರಿಯಲ್ಲಿ ಮೊದಲ ಕದಿರು ಮನೆ ತುಂಬುವುದು, ಎಳ್ಳಮಾವಾಸ್ಯೆಗೆ ಉತ್ತರ ಕರ್ನಾಟಕದ ರೈತ ಹೊಲದಲ್ಲಿ ಚರಗ ಚೆಲ್ಲುವುದು: ಎಲ್ಲೆಡೆ ಕಾಳೇ ಪ್ರಾರ್ಥನೆಯಾಗಿದೆ. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ, ಅಡುಗೆ ದಿನಾ ಇರುತ್ತದೆ.

ದೇವರಲ್ಲಿ ಮನಸ್ಸು ನಿಲ್ಲದವರಿಗೂ ಒಂದು ದಾರಿಯಿದೆ, ನನಗೆ ತೀರ ಒಗ್ಗಿದ್ದು ಇದೇ. ದಿನಕ್ಕೊಬ್ಬರನ್ನು ನೆನೆಯಿರಿ. ಗಂಗಾವತಿಯ ಗದ್ದೆಯೋ ಮಂಡ್ಯದ ನಾಲೆ ಬಯಲೋ, ಕೆಸರಿನಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡಿದ ಹೆಣ್ಣುಮಗಳೊಬ್ಬಳಿಗೆ ಸೋಮವಾರದ ಹಿಡಿ. ನಾಲ್ಕೈದು ತಿಂಗಳು ನೀರು ಕಾದು, ಗದ್ದೆ ಕಾದವನಿಗೆ ಮಂಗಳವಾರದ್ದು. ಮಿಲ್ಲಿನಲ್ಲಿ ತೌಡಿನ ಧೂಳು ಕುಡಿದು ಮೂಟೆ ಹೊತ್ತವನಿಗೆ ಇನ್ನೊಂದು. ಕಾಲೇಜು ದಿನಗಳಲ್ಲಿ ನನಗೆ ಊಟಕ್ಕಿಟ್ಟ ಪಕ್ಕದ ಮನೆಯ ಅಜ್ಜಿಗೆ ಶುಕ್ರವಾರದ್ದು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಎಲ್ಲರಿಗೂ ಕೃತಜ್ಞತೆ ಎಂದರೆ ಮನಸ್ಸು ಎಲ್ಲೂ ನಿಲ್ಲುವುದಿಲ್ಲ. ಒಂದು ಮುಖ ಕಂಡರೆ ನಿಲ್ಲುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಪಾಳಿ ಹಾಕಿ. ಮಗುವಿನ ಹಿಡಿ ಚಿಕ್ಕದು, ಇರಲಿ. ನೀವು ಮೇಲೆ ಸೇರಿಸಬೇಡಿ.

ಹುಳ ಬೀಳದ ಹಾಗೆ

ಒದ್ದೆ ಕೈ ಹಾಕಬೇಡಿ. ನಾಲ್ಕೈದು ಒಣಮೆಣಸಿನಕಾಯಿಯನ್ನೋ ಚೆನ್ನಾಗಿ ಒಣಗಿದ ಬೇವಿನ ಎಲೆಯನ್ನೋ ಡಬ್ಬಿಗೆ ಹಾಕಿಡಿ. ಬೋರಿಕ್ ಪುಡಿ ಬೆರೆಸಿದ ಅಕ್ಕಿ ಕೊಡಬೇಡಿ. ತಿಂಗಳಿಗಿಂತ ಹೆಚ್ಚು ದಿನ ಕೂಡಿಡಬೇಡಿ.

ಎಲ್ಲಕ್ಕಿಂತ ಮುಖ್ಯ, ಒಂದೇ ಬಗೆಯ ಅಕ್ಕಿ ಹಾಕಿ. ಇದನ್ನು ನಾನು ಕಲಿತದ್ದು ನಾಚಿಕೆಯಿಂದ. ಮೊದಲ ಸಲ ಮೂರು ತಿಂಗಳ ಅಕ್ಕಿ ಕೂಡಿಸಿ ಒಂದು ಮಕ್ಕಳ ಹಾಸ್ಟೆಲಿಗೆ ಒಯ್ದಿದ್ದೆ. ಸೋನಾ ಮಸೂರಿ, ದೋಸೆ ಅಕ್ಕಿ, ಊರಿಂದ ಬಂದ ಕುಚ್ಚಲಕ್ಕಿ ಎಲ್ಲ ಕಲೆತಿತ್ತು, ಮೇಲೆ ನುಸಿ ಓಡಾಡುತ್ತಿತ್ತು. ಅಡುಗೆಯಾಕೆ ಮೊರಕ್ಕೆ ಸುರಿದು ಬೆರಳಾಡಿಸಿ ನೋಡಿದರು. ಮುಖದಲ್ಲಿ ಬೇಸರ ತೋರಿಸಲಿಲ್ಲ. "ಅಕ್ಕಾ, ಒಂದು ಬೆಂದು ಮುದ್ದೆ ಆಗೋ ಹೊತ್ತಿಗೆ ಇನ್ನೊಂದು ಗಟ್ಟಿಯಾಗೇ ಇರುತ್ತೆ, ಮಕ್ಕಳಿಗೆ ಹೊಟ್ಟೆನೋವು ಬರುತ್ತೆ" ಎಂದರು. ನಾನು ಆ ಚೀಲ ವಾಪಸ್ ತಂದು, ಅಂಗಡಿಯಿಂದ ಒಳ್ಳೆಯ ಅಕ್ಕಿ ಕೊಂಡೊಯ್ದು ಕೊಟ್ಟೆ. ನಾವು ಉಣ್ಣುವಂಥದ್ದನ್ನೇ ಕೊಡಬೇಕು, ಅದಕ್ಕಿಂತ ಒಂದು ಗುಂಜಿಯೂ ಕೀಳಾದದ್ದನ್ನಲ್ಲ.

ಒಯ್ಯುವುದು, ಕೂರುವುದು

ತಿಂಗಳಿಗೊಂದು ದಿನ ಗೊತ್ತುಮಾಡಿ. ನಮ್ಮದು ಹುಣ್ಣಿಮೆ ಕಳೆದ ಭಾನುವಾರ. ಎಲ್ಲಿಗೆ ಎಂದರೆ, ನಡೆದು ಹೋಗಬಲ್ಲಷ್ಟು ಹತ್ತಿರಕ್ಕೆ. ವೃದ್ಧಾಶ್ರಮ, ದಾಸೋಹ ನಡೆಯುವ ಮಠ, ಲಂಗರ್ ಇರುವ ಗುರುದ್ವಾರ, ಬಡಮಕ್ಕಳ ಹಾಸ್ಟೆಲ್ ಯಾವುದಾದರೂ ಸರಿ. ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಕುಟುಂಬವಾದರೂ ಸರಿ. ಮೊದಲು ಹೋಗಿ ಕೇಳಿ: ನಿಮಗೆ ಯಾವ ಅಕ್ಕಿ ಆಗುತ್ತದೆ, ಅಕ್ಕಿಯೇ ಬೇಕೋ, ಬೇಳೆಗೆ ಕೊರತೆಯಿದೆಯೋ? ಬೇಳೆ ಎಂದರೆ ನಿಮ್ಮ ಹಿಡಿ ಅಕ್ಕಿಯನ್ನು ಮನೆಯಲ್ಲೇ ಬಳಸಿ, ಅದರ ಬೆಲೆಗೆ ಬೇಳೆ ಒಯ್ಯಿರಿ.

ಕೊಟ್ಟು ಫೋಟೋ ತೆಗೆದು ಹಿಂದಿರುಗಬೇಡಿ. ದಯವಿಟ್ಟು ಫೋಟೋ ಬೇಡ. ಅರ್ಧ ಗಂಟೆ ಕೂತುಕೊಳ್ಳಿ. ಅಲ್ಲಿ ಸೊಪ್ಪು ಸೋಸುತ್ತಿದ್ದರೆ ಒಂದು ಕಂತೆ ನೀವೂ ತೆಗೆದುಕೊಳ್ಳಿ, ಬಡಿಸುವ ಹೊತ್ತಾಗಿದ್ದರೆ ಸೌಟು ಹಿಡಿಯಿರಿ. ಉಣ್ಣಿ ಎಂದು ಕರೆದರೆ ಪಂಕ್ತಿಯಲ್ಲಿ ಕೂತು ಉಣ್ಣಿ. ಕೊಡುವುದನ್ನಷ್ಟೇ ಬಲ್ಲ ಕೈಗೆ ತೆಗೆದುಕೊಳ್ಳುವುದೂ ಬರಬೇಕು. ನನ್ನ ನಾಲ್ಕು ಗೋಡೆಯ ಒಂಟಿತನ ಕರಗಿದ್ದು ಅಕ್ಕಿ ಕೊಟ್ಟದ್ದರಿಂದ ಎನ್ನಲಾರೆ. ಆ ಅಡುಗೆಯಾಕೆ ಈಗ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ಒಂದು ತಿಂಗಳು ಹೋಗದಿದ್ದರೆ ಹುಷಾರಾಗಿದ್ದೀರಾ ಎಂದು ಫೋನ್ ಮಾಡುತ್ತಾರೆ. ಕರಗಿದ್ದು ಅದರಿಂದ.

ಪಿ.ಜಿ.ಯಲ್ಲಿದ್ದು ಒಲೆ ಹಚ್ಚದವರು, ಹೊರದೇಶದಲ್ಲಿರುವ ನಮ್ಮವರು ಹೇಗೆ ಮಾಡುವುದೆಂದು ಕೇಳುತ್ತಾರೆ. ವಿದೇಶಗಳಲ್ಲಿ ಬಡವರಿಗೆ ಆಹಾರ ಹಂಚುವ ಕೇಂದ್ರಗಳು ಸಾಮಾನ್ಯವಾಗಿ ಬಿಚ್ಚಿದ ಪೊಟ್ಟಣದ ಧಾನ್ಯ ತೆಗೆದುಕೊಳ್ಳುವುದಿಲ್ಲ. ಅಂಥವರು ಊಟಕ್ಕೆ ಮೊದಲು ಒಂದು ಅವರೆಕಾಳನ್ನೋ ನಾಣ್ಯವನ್ನೋ ಸೀಸೆಗೆ ಹಾಕಲಿ. ತಿಂಗಳ ಕೊನೆಗೆ ಎಣಿಸಿ, ಅಷ್ಟು ಹಿಡಿಗೆ ಸಮನಾದ ಸೀಲ್ ಒಡೆಯದ ಅಕ್ಕಿ ಚೀಲ ಕೊಳ್ಳಲಿ. ಆದರೆ ಒಯ್ಯುವುದು ಮಾತ್ರ ತಮ್ಮ ಕೈಯಾರೆ ಆಗಲಿ.

ತಪ್ಪಿದ ದಿನಕ್ಕೆ ಮರುದಿನ ಎರಡು ಹಿಡಿ ಹಾಕಿ ಲೆಕ್ಕ ಸರಿಮಾಡುವುದು ಬೇಡ. ತಪ್ಪಿತು, ಇವತ್ತಿನದು ಇವತ್ತಿಗೆ.

ಇನ್ನೊಂದು, ಅಮ್ಮನಿಂದ ಬಂದದ್ದು. ತಿಂಗಳ ಅಕ್ಕಿಯನ್ನು ಚೀಲಕ್ಕೆ ಸುರಿಯುವಾಗ ಡಬ್ಬಿಯನ್ನು ಪೂರ್ತಿ ಬರಿದು ಮಾಡಬಾರದು. ಅಕ್ಕಿ ಖಾಲಿಯಾಯಿತು ಎಂಬ ಮಾತು ಅವಳ ಬಾಯಲ್ಲಿ ಎಂದೂ ಬರಲಿಲ್ಲ, ತುಂಬಿಸಬೇಕು ಎನ್ನುತ್ತಿದ್ದಳು. ತಳದಲ್ಲಿ ಒಂದು ಹಿಡಿ ಉಳಿಸಿ ಮುಚ್ಚಳ ಹಾಕಿ. ನಾಳೆಯದು ಅದರ ಮೇಲೆ ಬೀಳುತ್ತದೆ.