ಚಿಪ್ಪಿನೊಳಗಿನ ಖಾತೆ ಪುಸ್ತಕ

ಶಿರಾದಲ್ಲಿ ಅಬ್ಬಾ ಅಂಗಡಿಯ ಖಾತೆ ಬರೆಯುವಾಗ ಆರಂಭಿಕ ಶಿಲ್ಕು ತಪ್ಪಿದರೆ ಕೊನೆಯವರೆಗೂ ತಪ್ಪೇ. ಚಿಪ್ಪಿಗೂ ಇಂಥದೇ ಖಾತೆಯಿದೆ. ಹೆಸರು ಡಿವೈಸ್ ಟ್ರೀ.

1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್ಪು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಬೋರ್ಡಿನಲ್ಲಿದೆ. ಬೋರ್ಡಿನ ಸ್ಫಟಿಕ ಸೆಕೆಂಡಿಗೆ 2.4 ಕೋಟಿ ಬಾರಿ ಮಿಡಿಯುತ್ತದೆ. ಕ್ಲಾಕ್ ಕಂಟ್ರೋಲರ್ ಆ ಮಿಡಿತವನ್ನು ಹೆಚ್ಚಿಸಿ, ಭಾಗಿಸಿ, ಚಿಪ್ಪಿನ ಭಾಗಗಳಿಗೆ ಹಂಚುತ್ತದೆ. ಯಾವ ಭಾಗಕ್ಕೆ ಯಾವ ಕ್ಲಾಕ್ ಎಂದು ಡ್ರೈವರ್ ತಂತ್ರಾಂಶ ಓದಿಕೊಳ್ಳುವುದು ಡಿವೈಸ್ ಟ್ರೀಯಿಂದಲೇ.

ಸೀರಿಯಲ್ ಪೋರ್ಟಿಗೆ ಬರುವುದು 4.8 ಕೋಟಿ ಮಿಡಿತ. 1,15,200 ವೇಗಕ್ಕೆ ಡ್ರೈವರ್ ಅದನ್ನು 16ರಿಂದ, ಮತ್ತೆ 26ರಿಂದ ಭಾಗಿಸುತ್ತದೆ. ಖಾತೆಯಲ್ಲಿ 2.4 ಕೋಟಿ ಎಂದು ಬರೆದಿದ್ದರೆ 26ರ ಬದಲು 13ರಿಂದ ಭಾಗಿಸುತ್ತದೆ. ವೇಗ ಇಮ್ಮಡಿಯಾಗಿ ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ.

ಆದ್ದರಿಂದ ಗೆಳೆಯರೇ, ಬೋರ್ಡು ಕೆಟ್ಟಿತೆಂದು ಹೊಸದಕ್ಕೆ ಹಣ ಸುರಿಯುವ ಮೊದಲು ಖಾತೆ ತೆಗೆದು ನೋಡಿ.