ಉಪಾಹಾರಗೃಹ ತಪಾಸಣೆ ಮತ್ತು ಆಹಾರಜನ್ಯ ರೋಗ: ವರ್ತಕರು ಅರಿಯಬೇಕಾದ ಪಾಠ

ದುಬಲಗುಂಡಿಯ ಚಹಾದಂಗಡಿಯಿಂದ ಹಿಡಿದು ಹುಮನಾಬಾದಿನ ಹೆದ್ದಾರಿ ಧಾಬಾಗಳವರೆಗೆ ಆಹಾರ ಮಾರುವ ಪ್ರತಿಯೊಬ್ಬ ವ್ಯಾಪಾರಿಯೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ ವ್ಯಾಪ್ತಿಗೆ ಒಳಪಡುತ್ತಾನೆ. ಇದರ ನಿಯಮಗಳು 2011ರ ಆಗಸ್ಟ್ 5ರಂದು ಜಾರಿಗೆ ಬಂದವು. 1954ರ ಕಾಯಿದೆಯ ಗಮನ ಮುಖ್ಯವಾಗಿ ಕಲಬೆರಕೆಯ ಮೇಲಿತ್ತು. ಹೊಸ ವ್ಯವಸ್ಥೆ ಅಡುಗೆಮನೆಯ ನೈರ್ಮಲ್ಯವನ್ನೂ ಪರಿಶೀಲನೆಗೆ ಒಳಪಡಿಸಿತು. ಆದರೆ ತಪಾಸಣೆಯಿಂದ ರೋಗ ನಿಜವಾಗಿಯೂ ತಗ್ಗುತ್ತದೆಯೇ?

ಅಧ್ಯಯನಗಳ ಸಾರ

ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ 1998ರಿಂದ ತಪಾಸಣೆಯ ಶ್ರೇಣಿಯನ್ನು ಹೋಟೆಲಿನ ಬಾಗಿಲಲ್ಲೇ ಪ್ರದರ್ಶಿಸುವ ಪದ್ಧತಿ ಬಂದಿತು. ಇದರಿಂದ ಆಹಾರಜನ್ಯ ರೋಗಕ್ಕಾಗಿ ಆಸ್ಪತ್ರೆ ಸೇರುವವರ ಪ್ರಮಾಣ ಸುಮಾರು ಶೇ. 20ರಷ್ಟು ಇಳಿಯಿತೆಂದು 2003ರ ಅಧ್ಯಯನವೊಂದು ಹೇಳಿತು. 2019ರ ಮರುಪರಿಶೀಲನೆ ಇದನ್ನು ಒಪ್ಪಲಿಲ್ಲ. ಅದಕ್ಕೂ ಮುನ್ನ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹಬ್ಬಿದ್ದ ಸಾಲ್ಮೊನೆಲ್ಲಾ ಸೋಂಕು ತಾನಾಗಿಯೇ ಇಳಿದುದು ಈ ವ್ಯತ್ಯಾಸಕ್ಕೆ ಕಾರಣವೆಂದು ಅದು ತೋರಿಸಿತು. ಅಂದರೆ ಬಾಗಿಲಿಗೆ ತೂಗುಹಾಕಿದ ಶ್ರೇಣಿಪತ್ರವೊಂದರಿಂದಲೇ ಗ್ರಾಹಕನ ಆರೋಗ್ಯ ಸುರಕ್ಷಿತವಾಗದು.

ಕಾಸರಗೋಡಿನ ಪ್ರಕರಣ

ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರಲ್ಲಿ ಶವರ್ಮಾ ತಿಂದ ಹತ್ತಾರು ಮಂದಿ ಅಸ್ವಸ್ಥರಾದರು. ಮೇ 1ರಂದು 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟಳು. ಶಿಗೆಲ್ಲಾ ಸೋಂಕು ದೃಢಪಟ್ಟಿತು. ಕೇರಳದಾದ್ಯಂತ ಬಿರುಸಿನ ತಪಾಸಣೆ ನಡೆದುದು ಸಾವು ಸಂಭವಿಸಿದ ನಂತರ. 2023ರಲ್ಲಿ ಆ ರಾಜ್ಯ ಹಸಿ ಮೊಟ್ಟೆಯ ಮೇಯನೇಸನ್ನು ನಿಷೇಧಿಸಿ, ಪಾರ್ಸೆಲ್ ಮೇಲೆ ಸಮಯದ ಚೀಟಿಯನ್ನು ಕಡ್ಡಾಯಗೊಳಿಸಿತು.

ಶಿಗೆಲ್ಲಾ ಹರಡುವುದು ಮುಖ್ಯವಾಗಿ ತೊಳೆಯದ ಕೈ ಮತ್ತು ಕಲುಷಿತ ನೀರಿನಿಂದ. ಗೋಡೆಯ ಸುಣ್ಣ, ನೆಲದ ಹೊಳಪು ನೋಡಿ ಅದನ್ನು ಕಂಡುಹಿಡಿಯಲಾಗದು. ಅಧಿಕಾರಿ ಬರುವುದು ಒಂದು ದಿನ. ಅಡುಗೆ ನಡೆಯುವುದು ವರ್ಷವಿಡೀ.

ಹೊಣೆಗಾರಿಕೆಯ ಲೆಕ್ಕ

ಕಾಯಿದೆಯ 32ನೇ ಕಲಮಿನಡಿ ಅಧಿಕಾರಿ ಮೊದಲು ಸುಧಾರಣಾ ನೋಟಿಸು ನೀಡಬಹುದು. ಪಾಲಿಸದಿದ್ದರೆ ಪರವಾನಗಿ ಅಮಾನತಾಗಬಹುದು, ರದ್ದೂ ಆಗಬಹುದು. ಅನೈರ್ಮಲ್ಯದ ತಯಾರಿಕೆಗೆ 56ನೇ ಕಲಮು 1 ಲಕ್ಷ ರೂ.ವರೆಗೆ ದಂಡ ವಿಧಿಸುತ್ತದೆ. ಗ್ರಾಹಕ ಮೃತಪಟ್ಟರೆ 65ನೇ ಕಲಮಿನ ಪರಿಹಾರ 5 ಲಕ್ಷ ರೂ.ಗಿಂತ ಕಡಿಮೆಯಾಗದು. ಸಣ್ಣ ಖಾನಾವಳಿಯ ಮೂಲ ಬಂಡವಾಳವೇ ಇದರಲ್ಲಿ ಕರಗಿಹೋದೀತು.

ಅನುಸರಿಸಬೇಕಾದ ಕ್ರಮ

ವರ್ಷಾಂತ್ಯದ ಲೆಕ್ಕಪರಿಶೋಧನೆ ದಿನದ ಕಿರ್ದಿಗೆ ಪರ್ಯಾಯವಲ್ಲ. ಹಾಗೆಯೇ ತಪಾಸಣೆಯು ದಿನದ ಶುಚಿತ್ವಕ್ಕೆ ಪರ್ಯಾಯವಲ್ಲ. ಆದುದರಿಂದ ಪ್ರತಿ ಅಂಗಡಿಯಲ್ಲೂ ಒಂದು ವಹಿ ಇರಲಿ:

1. ನೀರಿನ ತೊಟ್ಟಿ ತೊಳೆದ ದಿನಾಂಕ.
2. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಂಪು ಪದಾರ್ಥ 5 ಡಿಗ್ರಿಗಿಂತ ಕೆಳಗೆ ಇತ್ತೇ ಎಂಬ ದಾಖಲೆ.
3. ಕೆಲಸಗಾರರ ವಾರ್ಷಿಕ ವೈದ್ಯಕೀಯ ಪರೀಕ್ಷೆ. ಭೇದಿಯಾದವರಿಗೆ ನೀಡಿದ ರಜೆ.
4. ಹಸಿ ಮಾಂಸ ಮತ್ತು ಬೆಂದ ಪದಾರ್ಥಗಳಿಗೆ ಪ್ರತ್ಯೇಕ ಹಲಗೆ, ಚಾಕು.

ಭೇದಿಯಾದ ಕೆಲಸಗಾರನ ಕೂಲಿ ಕಡಿದರೆ ಆತ ರೋಗವನ್ನು ಮುಚ್ಚಿಟ್ಟು ಅಡುಗೆಮನೆಗೆ ಬರುತ್ತಾನೆ. ಎರಡು ದಿನಗಳ ಸಂಬಳ ಸಹಿತ ರಜೆಯನ್ನು ನಷ್ಟವೆಂದು ಬರೆಯದೆ, ವ್ಯಾಪಾರದ ರಕ್ಷಣೆಗೆ ಕಟ್ಟಿದ ವಿಮೆಯ ಕಂತೆಂದೇ ವರ್ತಕರು ಪರಿಗಣಿಸುವುದು ಲೇಸು.